ನಂದಾಯ್ತು, ನೀನು ಉಣ್ಣು

(ಮಂಡ್ಯದಲ್ಲಿ ಓದುಗರ ಗೆಳೆಯರು ಸೇರಿದ್ದ ಒಂದು ಸಂಜೆ ಆಡಿದ ಮಾತು. ಧ್ವನಿಮುದ್ರಣ ಕೇಳಿ, ಕೈಯಲ್ಲಿದ್ದ ಟಿಪ್ಪಣಿ ನೋಡಿಕೊಂಡು ಬರೆದದ್ದು.)

ಮಂಡ್ಯದಲ್ಲಿ ನಿಂತು ಕೊಡುವ ಕೈಯ ಬಗ್ಗೆ ಮಾತಾಡುವವನು ಆಲೆಮನೆಯಿಂದಲೇ ಶುರು ಮಾಡಬೇಕು. ಕೊಪ್ಪರಿಗೆ ಕುದಿಯುವ ಹೊತ್ತಿಗೆ ಯಾರೇ ಹೋಗಲಿ, ಗುರುತಿರಲಿ ಇಲ್ಲದಿರಲಿ, ಒಂದು ಚೊಂಬು ಕಬ್ಬಿನ ಹಾಲು ಕೊಡದೆ ಕಳಿಸುವುದಿಲ್ಲ. ಅಂಗೈಗೆ ಒಂದಿಷ್ಟು ಬಿಸಿ ಬೆಲ್ಲವೂ ಬೀಳುತ್ತದೆ. ದುಡ್ಡು ಕೊಡಲು ಹೋದರೆ ಬೈಸಿಕೊಳ್ಳುತ್ತೀರಿ. ನಮ್ಮ ಕಡೆಯವರ ಧಾರಾಳತನಕ್ಕೆ ಎಲ್ಲರೂ ಇದನ್ನೇ ತೋರಿಸುತ್ತಾರೆ, ಸರಿಯೇ. ಆದರೆ ಒಂದು ಗಮನಿಸಿ. ಅಲ್ಲಿ ಕೊಪ್ಪರಿಗೆ ತುಂಬಿದೆ. ನಿಮಗೆ ಒಂದು ಚೊಂಬು ಕೊಟ್ಟ ಮಾತ್ರಕ್ಕೆ ಅವರ ಮನೆಯಲ್ಲಿ ಯಾರೂ ಹಸಿದು ಮಲಗುವುದಿಲ್ಲ. ಕೊಪ್ಪರಿಗೆಯ ತಳ ಕಾಣಿಸಿದ ಮೇಲೆ ಏನಾಗುತ್ತದೆ? ಇವತ್ತು ಅದರ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ.

ಅಂಥ ಹೊತ್ತಿನ ಬಗ್ಗೆಯೇ ಬರೆದ ಕಾದಂಬರಿಗಳಿವೆ. ಡಿಸ್ಟೋಪಿಯ ಅನ್ನುತ್ತಾರೆ. ನಾನು ಸುಮ್ನೆ ಕೆಟ್ಟ ಕಾಲದ ಕತೆ ಅಂತ ಕರೆಯುತ್ತೇನೆ. ಮುಂದೆ ಎಂದೋ ಬರಬಹುದಾದ ಒಂದು ಲೋಕ. ಅಲ್ಲಿ ಸರ್ಕಾರ ಮನೆಯೊಳಗೆ ಬಂದು ಕೂತಿರುತ್ತದೆ, ಇಲ್ಲವೇ ಸರ್ಕಾರವೇ ಇರುವುದಿಲ್ಲ. ಎರಡರಲ್ಲೂ ಅನ್ನ ಕಡಿಮೆ, ಭಯ ಜಾಸ್ತಿ.

ಡಿಸ್ಟೋಪಿಯ ಅನ್ನುವ ಪದ ಮೊದಮೊದಲು ಕೇಳಿಬಂದದ್ದು ಎಲ್ಲಿ ಗೊತ್ತಾ? 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಐರ್ಲೆಂಡಿನ ಜಮೀನಿನ ವಿಷಯಕ್ಕೆ ಚರ್ಚೆ ನಡೆಯುತ್ತಿತ್ತು. ಅಲ್ಲಿಯ ಸದಸ್ಯನಾಗಿದ್ದ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಎದ್ದು ನಿಂತು ಸರ್ಕಾರದವರನ್ನು ಹಂಗಿಸಲು ಈ ಪದ ಬಳಸಿದ. ನಿಮ್ಮನ್ನು ಒಳ್ಳೆಯ ಲೋಕದ ಕನಸುಗಾರರು ಅನ್ನುವ ಹಾಗಿಲ್ಲ, ಕೆಟ್ಟ ಲೋಕದವರು ಅನ್ನಬೇಕು, ಅನ್ನುವ ಅರ್ಥದಲ್ಲಿ. ಈ ಮಿಲ್ ಅದಕ್ಕೆ ಮುಂಚೆ ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದವನು. ನಮ್ಮ ದೇಶಕ್ಕೆ ಹೋಗುವ ಕಾಗದಪತ್ರಗಳೇ ಅವನ ಹೊಟ್ಟೆಪಾಡು. ಅದಿರಲಿ.

ಮಿಲ್ ಆ ಪದ ಆಡಿ ಎಂಟು ವರ್ಷಕ್ಕೆ ನಮ್ಮ ಸೀಮೆಗೆ ದೊಡ್ಡ ಬರ ಬಂತು. ಧಾತು, ಈಶ್ವರ ಸಂವತ್ಸರಗಳ ಬರ. 1876ರಿಂದ 78. ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಜನ ಇದ್ದ ಸೀಮೆಯಲ್ಲಿ 1881ಕ್ಕೆ ಎಣಿಸಿದರೆ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಬೇಕಾದ ಲೆಕ್ಕ ಹೀಗೆ ಕುಸಿಯಿತು.

ಆ ಬರದ ಕತೆಯಲ್ಲಿ ಒಬ್ಬ ಮನುಷ್ಯನನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ರಿಚರ್ಡ್ ಟೆಂಪಲ್ ಅಂತ ಅಧಿಕಾರಿ. 1874ರಲ್ಲಿ ಬಿಹಾರದಲ್ಲಿ ಬರ ಬಂದಾಗ ಇವನೇ ಉಸ್ತುವಾರಿ. ಬರ್ಮಾದಿಂದ ಅಕ್ಕಿ ತರಿಸಿದ, ಧಾರಾಳವಾಗಿ ಹಂಚಿದ. ಸತ್ತವರು ತೀರಾ ಕಡಿಮೆ. ಮೇಲಿನವರು ಬೆನ್ನು ತಟ್ಟಿದರಾ? ಇಲ್ಲ. ಇಷ್ಟೊಂದು ದುಡ್ಡು ಯಾಕೆ ಸುರಿದೆ ಅಂತ ಬೈದರು. 1877ರಲ್ಲಿ ಅವನನ್ನೇ ಮದರಾಸಿನ ಕಡೆಗೆ ಕಳಿಸಿದರು. ಈ ಸಲ ಪಾಠ ಕಲಿತಿದ್ದ. ಬರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಾಣೆ. ಒಂದು ಪೌಂಡ್ ಅಂದರೆ ನಮ್ಮ ಲೆಕ್ಕದಲ್ಲಿ ಅರ್ಧ ಕಿಲೋಗೂ ಕಡಿಮೆ. ಮಣ್ಣು ಹೊರುವವನಿಗೆ ಇದು ಸಾಲುವುದಿಲ್ಲ ಅಂತ ಮದರಾಸಿನ ಡಾಕ್ಟರ್ ಕಾರ್ನಿಶ್ ವಾದ ಹೂಡಿದ. ನೋಡಿ, ದಯೆ ಜಾಸ್ತಿಯಾಯ್ತು ಅಂತ ಬೈಸಿಕೊಂಡವನು ಮುಂದಿನ ಸಲ ತಕ್ಕಡಿ ಹಿಡಿದುಕೊಂಡು ಬಂದ. ಕೆಟ್ಟ ಕಾಲದ ಕತೆಗಳಲ್ಲಿ ರಾಕ್ಷಸರು ಕಡಿಮೆ. ಇಂಥ ತಕ್ಕಡಿಯವರೇ ಜಾಸ್ತಿ.

ಇಲ್ಲಿ ಕೂತಿರುವ ಒಬ್ಬ ಹುಡುಗಿ ಬರುವಾಗ ಕೇಳಿದಳು: ‘ಸಾರ್, ಇಂಥದ್ದನ್ನೆಲ್ಲ ಓದಿದರೆ ರಾತ್ರಿ ನಿದ್ದೆ ಬರುತ್ತಾ?’ ಬರುತ್ತದಮ್ಮ. ಯಾಕೆ ಅಂದರೆ ನಾನು ಓದುವುದು ಅದರಲ್ಲಿರುವ ಜೈಲಿಗಾಗಿ ಅಲ್ಲ, ಊಟಕ್ಕಾಗಿ. ನಗಬೇಡಿ. ಕೆಟ್ಟ ಕಾಲದ ಕತೆಗಳಲ್ಲಿ ಪ್ರೀತಿ ಬಂದಾಗಲೆಲ್ಲ ಒಂದು ತುತ್ತಿನ ರೂಪದಲ್ಲೇ ಬರುತ್ತದೆ. ಮುತ್ತು, ಹಾಡು, ಚಂದ್ರ ಎಲ್ಲ ಆಮೇಲೆ. ಮೊದಲು ಯಾರೋ ತಮ್ಮ ಪಾಲಿನದನ್ನು ಇನ್ನೊಬ್ಬರ ಕಡೆಗೆ ಸರಿಸುತ್ತಾರೆ. ಜೊತೆಗೆ ಒಂದು ಸುಳ್ಳು ಹೇಳುತ್ತಾರೆ.

ಆರ್ವೆಲ್‌ನ ‘1984’ ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ? ಕೈ ಎತ್ತಿ. ಪರವಾಗಿಲ್ಲ, ಸುಮಾರು ಜನ ಇದ್ದೀರಿ. 1949ರಲ್ಲಿ ಬಂದ ಪುಸ್ತಕ. ಬರೆದವನು ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ. ಟೆಂಪಲ್ ಅಕ್ಕಿ ಹಂಚಿದ್ದ ಅದೇ ಬಿಹಾರ. ಈ ಪುಸ್ತಕ ಅಂದರೆ ಎಲ್ಲರೂ ದೊಡ್ಡಣ್ಣ ಅನ್ನುವ ಸರ್ವಾಧಿಕಾರಿಯ ಕಣ್ಣು, ಜನರನ್ನು ನೋಡುತ್ತಲೇ ಇರುವ ಗೋಡೆಯ ಮೇಲಿನ ಪರದೆ, ಅದನ್ನೇ ಹೇಳುತ್ತಾರೆ. ನನಗೆ ಅದರಲ್ಲಿ ಮರೆಯಲಾಗದ್ದು ಒಂದು ಚಾಕೊಲೇಟ್ ಚೂರು.

ಕಥಾನಾಯಕ ವಿನ್‌ಸ್ಟನ್ ಚಿಕ್ಕವನಿದ್ದಾಗಿನ ಮಾತು. ಅಪ್ಪ ಕಾಣೆಯಾಗಿದ್ದಾನೆ. ಅಮ್ಮ, ಇವನು, ಒಂದು ಕಾಯಿಲೆ ಬಿದ್ದ ಪುಟ್ಟ ತಂಗಿ. ವಾರಗಟ್ಟಲೆ ಇಲ್ಲದಿದ್ದ ಚಾಕೊಲೇಟ್ ಪಡಿತರದಲ್ಲಿ ಬರುತ್ತದೆ. ಎರಡು ಔನ್ಸಿನ ಒಂದು ತುಂಡು. ಮೂವರಿಗೂ ಸಮನಾಗಿ ಹಂಚಬೇಕು. ಹುಡುಗ ಪೂರ್ತಿ ನನಗೇ ಬೇಕು ಅಂತ ರಚ್ಚೆ ಹಿಡಿಯುತ್ತಾನೆ. ಅಮ್ಮ ಗದರುತ್ತಾಳೆ, ಸಮಾಧಾನ ಮಾಡುತ್ತಾಳೆ, ಕೊನೆಗೆ ಮುಕ್ಕಾಲು ಪಾಲು ಮುರಿದು ಇವನಿಗೆ ಕೊಟ್ಟು, ಉಳಿದ ಕಾಲು ತಂಗಿಗೆ ಕೊಡುತ್ತಾಳೆ. ಅವಳ ಪಾಲು ಎಲ್ಲಿ? ಇಲ್ಲ. ಅದರ ಮಾತೇ ಬರುವುದಿಲ್ಲ. ನಾನು ಮೊದಲ ಸಲ ಓದಿದಾಗ ಇದು ಕಣ್ಣಿಗೇ ಬೀಳಲಿಲ್ಲ. ಎರಡನೇ ಸಲ ಲೆಕ್ಕ ಹಾಕಿದೆ. ಮುಕ್ಕಾಲು, ಕಾಲು. ಒಂದಾಯಿತು. ಅಮ್ಮನ ಪಾಲು ಸೊನ್ನೆ.

ಆ ಹುಡುಗ ಅಷ್ಟಕ್ಕೂ ಸುಮ್ಮನಾಗುವುದಿಲ್ಲ. ತಂಗಿಯ ಕೈಯಲ್ಲಿದ್ದ ಚೂರನ್ನೂ ಕಿತ್ತುಕೊಂಡು ಬಾಗಿಲ ಕಡೆಗೆ ಓಡುತ್ತಾನೆ. ತಿರುಗಿ ನೋಡಿದರೆ ಅಮ್ಮ ಆ ಮಗುವಿನ ಸುತ್ತ ತೋಳು ಬಳಸಿ, ಅದರ ಮುಖವನ್ನು ಎದೆಗೆ ಒತ್ತಿಕೊಂಡಿದ್ದಾಳೆ. ಕೆಲವು ಗಂಟೆ ಬಿಟ್ಟು ಅವನು ಮನೆಗೆ ಬಂದಾಗ ಇಬ್ಬರೂ ಇಲ್ಲ. ಮುಂದೆ ಎಂದೂ ಸಿಗುವುದಿಲ್ಲ.

ಆ ತೋಳಿನಿಂದ ಏನಾಯಿತು ಹೇಳಿ? ಚಾಕೊಲೇಟ್ ವಾಪಸ್ ಬರಲಿಲ್ಲ. ಮಗು ಉಳಿಯಿತೋ ಇಲ್ಲವೋ ಗೊತ್ತಿಲ್ಲ. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಯಾವ ಕಾಲಮ್ಮೂ ಇಲ್ಲ. ಕಾದಂಬರಿಯ ಮೊದಲಲ್ಲೇ ಇಂಥದ್ದೇ ಇನ್ನೊಂದು ಬರುತ್ತದೆ. ಸಿನಿಮಾದಲ್ಲಿ ನಿರಾಶ್ರಿತರ ದೋಣಿಯೊಂದರ ಮೇಲೆ ಬಾಂಬು ಹಾಕುವುದನ್ನು ತೋರಿಸುತ್ತಾರೆ. ದೋಣಿಯಲ್ಲಿ ಒಬ್ಬ ಹೆಂಗಸು ಮೂರು ವರ್ಷದ ಹುಡುಗನನ್ನು ಕೈಯಿಂದ ಮುಚ್ಚಿಕೊಂಡಿದ್ದಾಳೆ, ಗುಂಡು ತನ್ನ ತೋಳು ದಾಟಿ ಬರುವುದಿಲ್ಲವೇನೋ ಅನ್ನುವ ಹಾಗೆ. ನೋಡುವವರು ಚಪ್ಪಾಳೆ ಹೊಡೆಯುತ್ತಾರೆ. ಅಷ್ಟರಲ್ಲಿ ಬಡವರ ಸೀಟಿನಿಂದ ಒಬ್ಬ ಹೆಂಗಸು ಎದ್ದು, ಮಕ್ಕಳ ಮುಂದೆ ಇಂಥದ್ದನ್ನು ತೋರಿಸಬಾರದು ಅಂತ ಕೂಗಾಡುತ್ತಾಳೆ. ಪೊಲೀಸರು ಎಳೆದು ಹೊರಗೆ ಹಾಕುತ್ತಾರೆ. ಅವಳಿಗೆ ಹೆಸರೂ ಇಲ್ಲ. ಇಡೀ ಪುಸ್ತಕದಲ್ಲಿ ಧೈರ್ಯ ಅಂತ ಇದ್ದರೆ ಅದು ಅವಳಿಗಿದೆ ಅಂತ ನನ್ನ ಅಂದಾಜು.

ಅದೇ ಪುಸ್ತಕದಲ್ಲಿ ಸರ್ಕಾರದ ಚಾಕೊಲೇಟೂ ಇದೆ. ವಾರಕ್ಕೆ ಮೂವತ್ತು ಗ್ರಾಂ ಇದ್ದದ್ದನ್ನು ಇಪ್ಪತ್ತಕ್ಕೆ ಇಳಿಸುತ್ತಾರೆ. ಮಾರನೇ ದಿನ, ಇಪ್ಪತ್ತಕ್ಕೆ ಏರಿಸಿದ್ದೇವೆ ಅಂತ ಸಾರುತ್ತಾರೆ. ಜನ ಧನ್ಯವಾದ ಹೇಳುತ್ತಾರೆ. ಒಂದು ಕಡೆ ಅಮ್ಮ ಸೊನ್ನೆ ಇಟ್ಟುಕೊಂಡು ಬಾಯಿ ಬಿಡುವುದಿಲ್ಲ. ಇನ್ನೊಂದು ಕಡೆ ಕಿತ್ತುಕೊಂಡವನು ಕೊಟ್ಟೆ ಅಂತ ಟಾಂಟಾಂ ಹೊಡೆಯುತ್ತಾನೆ.

ಈಗ ಸ್ವಲ್ಪ ಕಹಿ ಮಾತು. ವಿನ್‌ಸ್ಟನ್ ಕೊನೆಗೆ ಚಿತ್ರಹಿಂಸೆಯ ಕೋಣೆಯಲ್ಲಿ ಕುಸಿದು, ನನಗೆ ಬೇಡ, ಜೂಲಿಯಾಗೆ ಮಾಡಿ ಅಂತ ಕಿರುಚುತ್ತಾನೆ. ತಾನು ಪ್ರೀತಿಸಿದವಳನ್ನೇ ಒಪ್ಪಿಸಿಬಿಟ್ಟ, ಪ್ರೀತಿ ಸೋತಿತು, ಅಂತ ಎಲ್ಲರೂ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಮುಖದ ಮುಂದೆ ಇಲಿಗಳ ಪಂಜರ ತಂದಿಟ್ಟರೆ ನೀವೂ ಅನ್ನುತ್ತೀರಿ, ನಾನೂ ಅನ್ನುತ್ತೇನೆ. ಅದಕ್ಕೆ ಅವನನ್ನು ದೂರುವುದು ಅನ್ಯಾಯ. ಅವನು ಸೋತದ್ದು ಅದಕ್ಕೂ ಮುಂಚೆ, ಯಾರೂ ಹೊಡೆಯದಿದ್ದಾಗ.

ಓಬ್ರಿಯನ್ ಅನ್ನುವವನ ಮನೆಗೆ ಇವನೂ ಜೂಲಿಯಾನೂ ಹೋಗುತ್ತಾರೆ. ಓಬ್ರಿಯನ್ ಕ್ರಾಂತಿಕಾರಿಗಳ ಗುಂಪಿನವನು ಅಂತ ನಂಬಿರುತ್ತಾರೆ. ಒಳ್ಳೆಯ ಕುರ್ಚಿ, ಕೈಯಲ್ಲಿ ವೈನ್. ಅವನು ಒಂದೊಂದಾಗಿ ಕೇಳುತ್ತಾನೆ. ಪ್ರಾಣ ಕೊಡುತ್ತೀರಾ? ಕೊಡುತ್ತೇವೆ. ಕೊಲೆ ಮಾಡುತ್ತೀರಾ? ಮಾಡುತ್ತೇವೆ. ನಮ್ಮ ಕೆಲಸಕ್ಕೆ ಉಪಯೋಗವಾಗುವುದಾದರೆ ಒಂದು ಮಗುವಿನ ಮುಖಕ್ಕೆ ಆಸಿಡ್ ಎರಚುತ್ತೀರಾ? ವಿನ್‌ಸ್ಟನ್ ಹೂಂ ಅನ್ನುತ್ತಾನೆ. ಇಬ್ಬರೂ ಬೇರೆಯಾಗಬೇಕು ಅಂದರೆ? ಅದಕ್ಕೆ ಮಾತ್ರ ಜೂಲಿಯಾ ಇಲ್ಲ ಅನ್ನುತ್ತಾಳೆ. ನೋಡಿ ಇಲ್ಲಿ. ನಮ್ಮಿಬ್ಬರ ಪ್ರೀತಿ ಬಿಡುವುದಿಲ್ಲ, ಆದರೆ ಯಾರದೋ ಮಗುವಿನ ಮುಖ ಸುಟ್ಟರೆ ಸುಡಲಿ. ಆಮೇಲೆ ಜೈಲಿನಲ್ಲಿ, ನಿಮಗಿಂತ ನಾನು ಮೇಲು ಅಂತ ವಿನ್‌ಸ್ಟನ್ ಎದೆ ಸೆಟೆಸಿದಾಗ, ನಿಜದಲ್ಲಿ ಸರ್ಕಾರದವನೇ ಆದ ಓಬ್ರಿಯನ್ ಅವತ್ತಿನ ಧ್ವನಿಮುದ್ರಣ ಹಾಕುತ್ತಾನೆ. ಇವನದೇ ದನಿ. ಹೂಂ, ಹೂಂ, ಹೂಂ. ಬಾಯಿ ಕಟ್ಟಿಹೋಗುತ್ತದೆ.

ಪ್ರೀತಿ, ದಯೆ ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಒಂದೇ ಚೀಲದ ಕಾಳಲ್ಲ ಅವು. ಕೆಟ್ಟ ಕಾಲದಲ್ಲಿ ಪ್ರೀತಿ ಬಾಗಿಲು ಹಾಕಿಕೊಳ್ಳುತ್ತದೆ. ನನ್ನ ಮಗು, ನನ್ನ ಹೆಂಡತಿ, ನನ್ನ ಮನೆ. ದಯೆ ಅದೇ ಬಾಗಿಲ ಚಿಲಕ ತೆಗೆಯಲು ನೋಡುತ್ತದೆ. ಒಂದೇ ಮನೆಯೊಳಗೆ ಎರಡಕ್ಕೂ ಜಗಳ.

ಈ ಜಗಳವನ್ನು ಕಣ್ಣಾರೆ ನೋಡಬೇಕು ಅಂದರೆ ಕಾರ್ಮ್ಯಾಕ್ ಮೆಕಾರ್ಥಿಯ ‘ದ ರೋಡ್’ ಓದಿ. 2006ರದು. ಲೋಕ ಸುಟ್ಟು ಬೂದಿಯಾಗಿದೆ. ಯಾಕೆ ಅಂತ ಅವನು ಹೇಳುವುದಿಲ್ಲ, ಒಳ್ಳೆಯದೇ ಆಯಿತು. ಒಬ್ಬ ಅಪ್ಪ, ಒಬ್ಬ ಚಿಕ್ಕ ಮಗ, ಸಾಮಾನು ತಳ್ಳಲು ಒಂದು ಕೈಗಾಡಿ. ದಕ್ಷಿಣಕ್ಕೆ ನಡೆಯುತ್ತಿದ್ದಾರೆ. ಹೆಸರುಗಳಿಲ್ಲ. ಗಿಡವಿಲ್ಲ, ಹಕ್ಕಿಯಿಲ್ಲ. ದಾರಿಯಲ್ಲಿ ಸಿಗುವ ಮನುಷ್ಯರಲ್ಲಿ ಮನುಷ್ಯರನ್ನೇ ತಿನ್ನುವವರಿದ್ದಾರೆ.

ಒಂದು ರಾತ್ರಿ ಒಂದಿಷ್ಟು ಕೋಕೋ ಪುಡಿ ಉಳಿದಿದೆ. ಅಪ್ಪ ಮಗನಿಗೆ ಕೋಕೋ ಮಾಡಿಕೊಟ್ಟು, ತನ್ನ ಲೋಟಕ್ಕೆ ಬರೀ ಬಿಸಿನೀರು ಹಾಕಿಕೊಳ್ಳುತ್ತಾನೆ. ಬಿಸಿನೀರಿನಿಂದಲೂ ಆವಿ ಏಳುತ್ತದೆ, ಕತ್ತಲಲ್ಲಿ ಗೊತ್ತಾಗುವುದಿಲ್ಲ ಅಂದುಕೊಂಡಿರಬೇಕು. ಹುಡುಗ ಕಂಡುಹಿಡಿದುಬಿಡುತ್ತಾನೆ. ಹಾಗೆ ಮಾಡುವುದಿಲ್ಲ ಅಂತ ಮಾತು ಕೊಟ್ಟಿದ್ದೆ ಅಲ್ವಾ, ಅನ್ನುತ್ತಾನೆ. ಅಪ್ಪ ಬಿಸಿನೀರನ್ನು ಪಾತ್ರೆಗೇ ವಾಪಸ್ ಸುರಿದು, ಮಗನ ಲೋಟದಿಂದ ಒಂದಿಷ್ಟು ಬಗ್ಗಿಸಿಕೊಳ್ಳುತ್ತಾನೆ. ನಿನ್ನನ್ನು ಯಾವಾಗಲೂ ಕಾಯುತ್ತಲೇ ಇರಬೇಕು ಅಂತ ಹುಡುಗನ ಗೊಣಗಾಟ. ಚಿಕ್ಕ ಮಾತು ತಪ್ಪುವವನು ದೊಡ್ಡದನ್ನೂ ತಪ್ಪುತ್ತಾನೆ ಅಂತ ಅವನಿಗೆ ಹಿಂದೆ ಅಪ್ಪನೇ ಹೇಳಿಕೊಟ್ಟಿದ್ದು.

ನಾನು ಈ ಪುಟವನ್ನು ಎಷ್ಟು ಸಲ ಓದಿದ್ದೇನೋ. ತಾಯಂದಿರು ‘ನಂದಾಯ್ತು, ನೀನು ಉಣ್ಣು’ ಅನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಎಷ್ಟೋ ಸಿನಿಮಾಗಳಲ್ಲಿ ಅದಕ್ಕೆ ಪಿಟೀಲು ಬಾರಿಸಿ ಅಳಿಸಿದ್ದಾರೆ. ಆದರೆ ಆ ಸುಳ್ಳನ್ನು ಉಂಡವನ ಕಡೆಯಿಂದ ನೋಡಿದವರು ಕಡಿಮೆ. ಈ ಹುಡುಗ ಹೇಳುವುದೇ ಅದು: ನೀನು ನನಗಾಗಿ ಸಾಯುತ್ತಾ ಇದ್ದೀಯ, ನನ್ನನ್ನು ಕೇಳದೆ. ನನಗೆ ಬೇಕಾದದ್ದು ಕೋಕೋ ಅಲ್ಲ, ನೀನು ಅಂತ. ತ್ಯಾಗ ಮಾಡುವವರು ಎದುರಿನವರ ಬಾಯಿ ಮುಚ್ಚಿಸಿಬಿಡುತ್ತಾರೆ, ಅಲ್ವಾ? ಇಲ್ಲಿ ಎದುರಿನವನು ಬಾಯಿ ಬಿಟ್ಟಿದ್ದಾನೆ.

ಇನ್ನೂ ಒಂದಿದೆ. ಇದೇ ಅಪ್ಪ ಹೊರಗಿನವರಿಗೆ ಕಲ್ಲು. ದಾರಿಯಲ್ಲಿ ಒಬ್ಬ ಕಣ್ಣು ಮಂಜಾದ ಮುದುಕ ಸಿಕ್ಕಾಗ ಅವನಿಗೆ ತಿನ್ನಲು ಕೊಡೋಣ ಅಂತ ಹುಡುಗನೇ ಹಟ ಹಿಡಿಯಬೇಕು. ಅಪ್ಪ ಮುದುಕನಿಗೆ ಮುಖದ ಮೇಲೇ ಹೇಳುತ್ತಾನೆ, ನಾನಾಗಿದ್ದರೆ ಕೊಡುತ್ತಿರಲಿಲ್ಲ ಅಂತ. ಕೊನೆಯ ಹೊತ್ತಿಗೆ ಸಮುದ್ರದ ದಡದಲ್ಲಿ ಒಬ್ಬ ಕಳ್ಳ ಇವರ ಗಾಡಿ ಹೊಡೆದುಕೊಂಡು ಹೋಗುತ್ತಾನೆ. ಬೆನ್ನಟ್ಟಿ ಹಿಡಿಯುತ್ತಾರೆ. ಅಪ್ಪ ಪಿಸ್ತೂಲು ತೋರಿಸಿ ಅವನ ಬಟ್ಟೆ, ಬೂಟು ಎಲ್ಲ ಬಿಚ್ಚಿಸಿ ಗಾಡಿಗೆ ಹಾಕಿಕೊಂಡು, ಚಳಿಯಲ್ಲಿ ಬೆತ್ತಲೆ ನಿಲ್ಲಿಸಿ ಹೊರಡುತ್ತಾನೆ. ನೀನು ನಮಗೆ ಮಾಡಿದ್ದನ್ನೇ ನಿನಗೆ ಮಾಡುತ್ತಿದ್ದೇನೆ ಅನ್ನುತ್ತಾನೆ. ತಕ್ಕಡಿ ಇಲ್ಲಿಗೂ ಬಂತು ನೋಡಿ. ಹುಡುಗ ಅಳು ನಿಲ್ಲಿಸುವುದಿಲ್ಲ. ಅವನಿಗೆ ಹಸಿವಾಗಿತ್ತಪ್ಪ ಅಷ್ಟೇ, ಅನ್ನುತ್ತಾನೆ. ಕೊನೆಗೆ ವಾಪಸ್ ಹೋಗಿ ಕೂಗುತ್ತಾರೆ. ಅವನಿಲ್ಲ. ಬಟ್ಟೆ, ಬೂಟು ರಸ್ತೆಯ ಮೇಲೆ ರಾಶಿ ಹಾಕಿ, ಮೇಲೆ ಒಂದು ಕಲ್ಲಿಟ್ಟು ಬರುತ್ತಾರೆ. ಆ ಅಪ್ಪನ ಪ್ರೀತಿ ಸುಳ್ಳಾ? ಖಂಡಿತ ಅಲ್ಲ. ಮಗನಿಗಾಗಿ ಜೀವ ತೇಯುತ್ತಿದ್ದಾನೆ. ಆದರೆ ಆ ಪ್ರೀತಿಯೇ ಅವನನ್ನು ಕಟುಕನನ್ನಾಗಿ ಮಾಡಿದೆ.

ಅವನನ್ನು ಬೈಯುವ ಯೋಗ್ಯತೆ ನನಗಿದೆಯಾ ಅಂತಲೂ ಯೋಚಿಸುತ್ತೇನೆ. 2020ರ ಲಾಕ್‌ಡೌನ್. ಬೆಂಗಳೂರು ಕಡೆಯಿಂದ ಜನ ಗಂಟುಮೂಟೆ ಹೊತ್ತು ನಡೆದುಕೊಂಡು ಬರುತ್ತಿದ್ದರು. ನಮ್ಮ ಮನೆ ಹೆದ್ದಾರಿಗೆ ಹತ್ತಿರ. ಒಂದು ಮಧ್ಯಾಹ್ನ ಗಂಡ, ಹೆಂಡತಿ, ಒಂದು ಮಗು ಗೇಟಿನ ಹತ್ತಿರ ನಿಂತು ನೀರು ಕೇಳಿದರು. ನನ್ನ ಹೆಂಡತಿ ಒಂದು ಚೊಂಬು ಮಜ್ಜಿಗೆ, ಮೂರು ಸ್ಟೀಲ್ ಲೋಟ ಹಿಡಿದು ಹೊರಟಳು. ನಾನು ಒಳಗಿಂದಲೇ ಹೇಳಿದೆ: ‘ಕಾಂಪೌಂಡ್ ಮೇಲಿಟ್ಟು ಬಾ. ಲೋಟ ವಾಪಸ್ ತರಬೇಡ.’ ಅವಳು ಇಟ್ಟು ಬಂದಳು. ಅವರು ಕುಡಿದರು. ಆಮೇಲೆ ಆ ಹೆಂಗಸು ನಮ್ಮ ಗಿಡದ ನಲ್ಲಿಯಲ್ಲಿ ಮೂರೂ ಲೋಟ ತೊಳೆದು, ಚೊಂಬು ತೊಳೆದು, ಬೋರಲು ಹಾಕಿ ಹೋದಳು. ಅವು ಎರಡು ದಿನ ಅಲ್ಲೇ ಬಿಸಿಲಲ್ಲಿದ್ದವು. ನಾನು ಮುಟ್ಟಲಿಲ್ಲ. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದರು, ಅದು ನನ್ನ ಕಾರಣ. ಕಾರಣ ಸರಿಯೇ ಇತ್ತು. ಇವತ್ತಿಗೂ ಆ ಲೋಟಗಳಲ್ಲಿ ಕಾಫಿ ಕುಡಿಯುವಾಗ ನನಗೆ ಒಂದು ಥರ ಆಗುತ್ತದೆ.

ತ್ಯಾಗದ ವಿಷಯಕ್ಕೆ ಬರುತ್ತೇನೆ. ಇದು ಭಾರಿ ಅಪಾಯದ ಪದ. ನಮ್ಮಲ್ಲಿ ಇದಕ್ಕೆ ಕುಂಕುಮ ಹಚ್ಚಿ ಕೂರಿಸಿಬಿಟ್ಟಿದ್ದೇವೆ. ಕೆಟ್ಟ ಕಾಲದ ಕತೆ ಅಂದರೆ ಇಂಗ್ಲಿಷಿನದೇ ಅಂತ ತಿಳಿದವರಿಗೆ ನಾನು ‘ಕೆರೆಗೆ ಹಾರ’ ಓದಿ ಅನ್ನುತ್ತೇನೆ. ಉತ್ತರ ಕರ್ನಾಟಕದ ಮಾತಿನ ಹಾಡು, ಆದರೆ ಎಲ್ಲ ಕಡೆಯ ಮಕ್ಕಳೂ ಶಾಲೆಯಲ್ಲಿ ಓದಿದ್ದಾರೆ. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಹನಿ ನೀರು ಬರುವುದಿಲ್ಲ. ಜೋಯಿಸರು ಹೊತ್ತಿಗೆ ತೆಗೆದು, ಸೊಸೆಯನ್ನು ಹಾರ, ಅಂದರೆ ಬಲಿ, ಕೊಡಬೇಕು ಅನ್ನುತ್ತಾರೆ. ಯಾವ ಸೊಸೆಯನ್ನು? ಹಿರಿಯವಳು ಮಲ್ಲವ್ವನನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇರುವುದಿಲ್ಲ. ಹಾಗಾದರೆ ಕಿರಿಯವಳು ಭಾಗೀರಥಿ. ಎಷ್ಟು ತಣ್ಣಗಿನ ಲೆಕ್ಕ ನೋಡಿ.

ಭಾಗೀರಥಿ ತವರಿಗೆ ಹೋಗುತ್ತಾಳೆ. ಯಾಕವ್ವ ಮುಖ ಬಾಡಿದೆ ಅಂತ ಅಪ್ಪ ಕೇಳಿದರೆ, ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ಸುಳ್ಳು. ಅಪ್ಪ ಹೊಲ ಮನೆ ಕೊಡುತ್ತೇನೆ ಅನ್ನುತ್ತಾನೆ, ಅಮ್ಮ ಒಡವೆ ಕೊಡುತ್ತೇನೆ ಅನ್ನುತ್ತಾಳೆ. ಅವಳಿಗೆ ಯಾವುದೂ ಬೇಡ. ನಿಜ ಹೇಳುವುದು ಗೆಳತಿಯ ಹತ್ತಿರ ಮಾತ್ರ. ಪಾಠ ಮಾಡುವಾಗ ಇದನ್ನು ತ್ಯಾಗದ ಕತೆ ಅಂತ ಹೇಳಿ ಮುಗಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಕೆರೆಗೆ ಹೋದದ್ದು ತ್ಯಾಗ ಅಲ್ಲ, ಅದು ಕೊಲೆ. ಅವಳನ್ನು ಯಾರೂ ಕೇಳಲಿಲ್ಲ. ಬಂಗಾರದ ಬಿಂದಿಗೆ ಮರೆತು ಬಂದೆವು, ಹೋಗಿ ತಾ ಅಂತ ಉಪಾಯ ಮಾಡಿ ಕಳಿಸಿದರು. ಅವಳು ತಾನಾಗಿ ಮಾಡಿದ್ದು ಆ ಸುಳ್ಳೊಂದೇ. ಮುಪ್ಪಿನ ಅಪ್ಪ ಅಮ್ಮ ತನ್ನ ಜೊತೆಗೆ ಮುಳುಗಬಾರದು ಅಂತ ಹೇಳಿದ ಸುಳ್ಳು. ದಂಡಿನಿಂದ ಬಂದ ಗಂಡ ಮಾದೇವರಾಯ ವಿಷಯ ತಿಳಿದು ಅದೇ ಕೆರೆಗೆ ಹಾರಿಕೊಂಡ. ಜೋಯಿಸರ ಲೆಕ್ಕದಲ್ಲಿ ಅವನು ಇರಲಿಲ್ಲ.

ಇಲ್ಲಿಂದ ಸ್ವಲ್ಪ ದೂರದಲ್ಲೇ ಕೆಆರ್‌ಎಸ್ ಇದೆ. 1911ರಲ್ಲಿ ಕೆಲಸ ಶುರುವಾದ ಕಟ್ಟೆ. ಆ ನೀರಿಲ್ಲದಿದ್ದರೆ ಮಂಡ್ಯದ ಗದ್ದೆ ಇಲ್ಲ, ಆಲೆಮನೆ ಇಲ್ಲ, ನಾನು ಮೊದಲಲ್ಲಿ ಹೇಳಿದ ಚೊಂಬಿನ ಹಾಲೂ ಇಲ್ಲ. ಕನ್ನಂಬಾಡಿ ಊರು ಅದರೊಳಗೆ ಮುಳುಗಿತು. ನೀರು ತೀರಾ ಇಳಿದ ವರ್ಷಗಳಲ್ಲಿ ವೇಣುಗೋಪಾಲಸ್ವಾಮಿ ಗುಡಿ ಕಾಣಿಸಿಕೊಳ್ಳುತ್ತಿತ್ತು. ಆಮೇಲೆ ಅದನ್ನು ಎತ್ತಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಅಲ್ಲಿಯವರು ಊರು ಬಿಟ್ಟದ್ದನ್ನು ತ್ಯಾಗ ಅಂತ ನಾವು ಭಾಷಣದಲ್ಲಿ ಹೇಳುತ್ತೇವೆ. ಎತ್ತಿನ ಗಾಡಿಗೆ ಪಾತ್ರೆ ಪಡಗ ಹೇರಿಕೊಂಡವರು ಅದಕ್ಕೆ ಯಾವ ಹೆಸರು ಇಟ್ಟಿದ್ದರೋ. ನಾನು ಕಟ್ಟೆ ಬೇಡವಿತ್ತು ಅನ್ನುತ್ತಿಲ್ಲ, ನಾನೂ ಅದೇ ನೀರು ಕುಡಿದು ಬೆಳೆದವನು. ಪದ ಬಳಸುವಾಗ ಸ್ವಲ್ಪ ನಾಚಿಕೆ ಇರಲಿ ಅಂತಿದ್ದೇನೆ.

ಚಿಕ್ಕವರು ನಿದ್ದೆ ಹೋಗುವ ಮುಂಚೆ ನಿಮಗೆ ಗೊತ್ತಿರುವುದನ್ನೇ ಹೇಳುತ್ತೇನೆ. ‘ಹಂಗರ್ ಗೇಮ್ಸ್’. ನೋಡಿ, ಎಲ್ಲರ ಮುಖ ಅರಳಿತು! 2008ರಲ್ಲಿ ಸುಜಾನ್ ಕಾಲಿನ್ಸ್ ಬರೆದದ್ದು. ನಾನು ಓದಿದ್ದು ಮಗಳ ಕಾಟಕ್ಕೆ. ಮಕ್ಕಳನ್ನು ಸಾಯುವ ತನಕ ಕಾದಾಡಿಸುವ ಸರ್ಕಾರದ ಆಟಕ್ಕೆ ತಂಗಿಯ ಹೆಸರು ಚೀಟಿಯಲ್ಲಿ ಬಂದಾಗ ಅಕ್ಕ ಕ್ಯಾಟ್ನಿಸ್ ಎದ್ದು ನಾನು ಹೋಗುತ್ತೇನೆ ಅನ್ನುವುದು ಎಲ್ಲರಿಗೂ ನೆನಪಿದೆ. ಅದಕ್ಕಿಂತ ಹಿಂದಿನದನ್ನು ನೋಡಿ. ಆ ಸರ್ಕಾರದಲ್ಲಿ ಒಂದು ಪಡಿತರ ಯೋಜನೆ ಇದೆ. ಒಬ್ಬರಿಗೆ ಒಂದು ವರ್ಷದ ಬಡಪಾಯಿ ಧಾನ್ಯ, ಎಣ್ಣೆ ಕೊಡುತ್ತಾರೆ. ಬದಲಿಗೆ ಸಾವಿನ ಚೀಟಿಯ ಡಬ್ಬಿಯಲ್ಲಿ ನಿಮ್ಮ ಹೆಸರು ಇನ್ನೊಂದು ಸಲ ಬೀಳುತ್ತದೆ. ಹದಿನಾರು ವರ್ಷದ ಕ್ಯಾಟ್ನಿಸ್ ಹೆಸರು ಇಪ್ಪತ್ತು ಸಲ ಇದೆ. ತಂಗಿಯದು ಒಂದೇ ಒಂದು, ಅಕ್ಕ ಅವಳಿಗೆ ಧಾನ್ಯ ತೆಗೆದುಕೊಳ್ಳಲು ಬಿಟ್ಟಿರಲಿಲ್ಲ. ಅವತ್ತು ಎಲ್ಲರ ಮುಂದೆ ಎದ್ದು ನಿಂತದ್ದು ಒಂದು ಸಲ. ಅದಕ್ಕೂ ಮುಂಚೆ ಮನೆಯಲ್ಲಿ ಗಂಜಿ ಬೆಂದ ದಿನವೆಲ್ಲ ಅದೇ ಕೆಲಸ ಆಗಿತ್ತು. ಸರ್ಕಾರ ಅಕ್ಕನ ಪ್ರೀತಿಯನ್ನು ಹಿಡಿದೇ ಬಲೆ ಹೆಣೆದಿತ್ತು.

ಅದೇ ಕತೆಯಲ್ಲಿ ಬೇಕರಿಯ ಹುಡುಗ ಪೀಟಾ ಇದ್ದಾನೆ. ಮಳೆಯಲ್ಲಿ ಹಸಿದು ಕೂತ ಇವಳನ್ನು ನೋಡಿ, ಬೇಕೆಂದೇ ಬ್ರೆಡ್ ಸೀಯಿಸುತ್ತಾನೆ. ಅಮ್ಮನಿಂದ ಏಟು ತಿನ್ನುತ್ತಾನೆ. ಹಂದಿಗೆ ಹಾಕು ಅಂದಾಗ ಇವಳ ಕಡೆಗೆ ಎಸೆದು, ತಿರುಗಿ ನೋಡದೆ ಒಳಗೆ ಹೋಗುತ್ತಾನೆ. ಸೀದ ಬ್ರೆಡ್ಡು ಅವನು ಹೇಳಿದ ಸುಳ್ಳು. ಈ ಒಂದು ದೃಶ್ಯಕ್ಕೆ ಉಳಿದ ಬಿಲ್ಲು ಬಾಣ ಎಲ್ಲವನ್ನೂ ಮಾಫಿ ಮಾಡಿದ್ದೇನೆ.

ಸರಮಾಗೋನ ‘ಬ್ಲೈಂಡ್‌ನೆಸ್’ ಕಾದಂಬರಿ ಬಗ್ಗೆ ಎರಡೇ ಮಾತು, ಗಡಿಯಾರ ನೋಡುತ್ತಿದ್ದಾರೆ. ಊರಿಗೆ ಊರೇ ಕುರುಡಾಗುವ ರೋಗ. ಕುರುಡಾದವರ ಜೊತೆ ಕೂಡಿಹಾಕಲು, ಕಣ್ಣು ಹೋದ ಕಣ್ಣಿನ ಡಾಕ್ಟರನ್ನೇ ಆಂಬುಲೆನ್ಸಿಗೆ ಹತ್ತಿಸುತ್ತಾರೆ. ಹೆಂಡತಿಯೂ ಹತ್ತಿ ಕೂರುತ್ತಾಳೆ. ನೀವು ಬರುವ ಹಾಗಿಲ್ಲ ಅಂದರೆ, ನನ್ನ ಕಣ್ಣೂ ಈಗ ತಾನೇ ಹೋಯಿತು ಅನ್ನುತ್ತಾಳೆ. ಅವಳಿಗೆ ಕಣ್ಣು ಚೆನ್ನಾಗಿಯೇ ಇದೆ. ಆಮೇಲೆ ಆ ಕೊಳಕನ್ನೆಲ್ಲ ನೋಡಬೇಕಾದವಳು ಅವಳೊಬ್ಬಳೇ. ಪುಣ್ಯಕೋಟಿ ನಿಜ ಹೇಳಿ ನಮ್ಮ ಮನಸ್ಸಿನಲ್ಲಿ ಕೂತಳು. ಇವರೆಲ್ಲ ಸುಳ್ಳು ಹೇಳಿ ಕೂತಿದ್ದಾರೆ. ಹುಲಿಗೆ ಮಾತು ಕೊಟ್ಟರೆ ಹುಲಿಯೂ ನಾಚುವ ಕಾಲ ಅದು. ಈ ಕತೆಗಳ ಹುಲಿಗೆ ನಾಚಿಕೆ ಅನ್ನುವುದೇ ಇಲ್ಲ. ಅಲ್ಲಿ ಸುಳ್ಳೇ ಬೇಕಾಯಿತು.

ಬರುವಾಗ ಕೇಳಿದ ಹುಡುಗಿ ಇನ್ನೂ ಇದ್ದಾಳಾ? ಇದ್ದಾಳೆ. ನಿನಗೊಂದು ಕತೆ ಹೇಳಿ ಇಳಿಯುತ್ತೇನಮ್ಮ.

ನಮ್ಮ ಅಜ್ಜಿಯ ಊರು ನಾಗಮಂಗಲದ ಕಡೆ. ಆಗ ನಾಲೆ ಇಲ್ಲದ ಸೀಮೆ, ಮಳೆ ಬಂದರೆ ರಾಗಿ. ನನಗೆ ಆಗ ಆರೇಳು ವರ್ಷ. 1966ರ ಸುಮಾರು, ಮಳೆ ಕೈಕೊಟ್ಟ ಕಾಲ. ಸೊಸೈಟಿಯಲ್ಲಿ ಕೊಡುತ್ತಿದ್ದ ಅಮೆರಿಕದ ಕೆಂಪು ಜೋಳದ ಮುದ್ದೆ. ಬಾಯಿಗೆ ಮರಳಿನ ಹಾಗೆ ಸಿಗುತ್ತಿತ್ತು. ನಾವು ಮಕ್ಕಳು ಐದು ಜನ. ಅಜ್ಜಿ ಒಲೆಯ ಪಕ್ಕ ಕೂತು ಬಡಿಸೋಳು. ಒಬ್ಬೊಬ್ಬರಿಗೆ ಒಂದು ಮುದ್ದೆ, ಹುರುಳಿ ಕಟ್ಟಿನ ಸಾರು. ನೀನು ಉಣ್ಣಲ್ವಾ ಅಂದರೆ ‘ನಂದಾಯ್ತು, ನೀನು ಉಣ್ಣು ಮಗ’ ಅನ್ನೋಳು. ಯಾವಾಗ ಆಯ್ತು, ಎಲ್ಲಿ ಆಯ್ತು, ಯಾರೂ ನೋಡಿದ್ದಿಲ್ಲ.

ಒಂದು ರಾತ್ರಿ ನನ್ನ ತಟ್ಟೆ ಬರಿದಾಗಿತ್ತು. ಅಜ್ಜಿ ಚಿಕ್ಕ ತಮ್ಮನಿಗೆ ತಿನ್ನಿಸುತ್ತಿದ್ದಳು. ನಾನೇ ಎದ್ದು ಹೋಗಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದೆ. ಅಜ್ಜಿ ತಿರುಗಿ ನೋಡಿದಳು. ಬೈಯಲಿಲ್ಲ. ‘ಮುಚ್ಲಾ ಅದ, ನೊಣ ಕುಂತ್ಕತವೆ’ ಅಂದಳು.

ಕೋಕೋ ಹುಡುಗನ ಹಾಗೆ ನಾನು ಏನೂ ಕೇಳಲಿಲ್ಲ. ಮುಚ್ಚಿದೆ. ಪಾತ್ರೆ ತೊಳೆದಿಟ್ಟ ಹಾಗಿತ್ತು, ನೊಣ ಕೂರುವಂಥದ್ದು ಅದರಲ್ಲಿ ಏನೂ ಇರಲಿಲ್ಲ.